ಇಪ್ಪತ್ತಮೂರನೆಯ ಕೊಕ್ಕೆ

"ಇವರ ಕೈ ಎಷ್ಟು ತಣ್ಣಗಿದೆ ನೋಡಪ್ಪ," ಎಂದು ಮಿತ್ಸುಯೊ ಹೇಳಿದ್ದೇ ಎಲ್ಲದಕ್ಕೂ ಮೂಲವಾಯಿತು.

ಅವಳು ಹೇಳಿದ್ದು ತೀರಿಕೊಂಡು ಐದು ದಿನವಾಗಿದ್ದ ಗಂಡನ ಕೈಯ ಬಗ್ಗೆ. ಸುತ್ತ ಡ್ರೈ ಐಸ್ ಪೊಟ್ಟಣಗಳನ್ನಿಟ್ಟು ಮಲಗಿಸಿದ ಮನುಷ್ಯನ ಕೈ ಬೇರೆ ಹೇಗಿದ್ದೀತು? ಆದರೆ ಇಸೋನೆ ವಿಮಾನ ನಿಲ್ದಾಣದ ಸರಕಿನ ಕೋಣೆಯಲ್ಲಿ, ಶವಪೆಟ್ಟಿಗೆಯ ಕಾಲ ಬಳಿ ನಿಂತಿದ್ದ ನುಕುಯಿಗೆ ಹಾಗೆಲ್ಲ ಯೋಚಿಸುವ ಸ್ಥಿತಿ ಇರಲಿಲ್ಲ. ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಕೈಗವಸುಗಳನ್ನು ಕಿತ್ತವನೇ ಸತ್ತವನ ಎದೆಯ ಮೇಲೆ, ಜೋಡಿಸಿಟ್ಟ ಕೈಗಳ ಪಕ್ಕದಲ್ಲಿಟ್ಟುಬಿಟ್ಟ. ಅವು ಸತ್ತ ಇವಾಸಾನವೇ ಕೈಗವಸುಗಳು. ಅವನು ಹೋದಂದಿನಿಂದ ನುಕುಯಿ ಹಾಕಿಕೊಳ್ಳುತ್ತಿದ್ದ. ಒಂದು ಅಳತೆ ದೊಡ್ಡವು. ಬೆರಳ ತುದಿಯಲ್ಲಿ ಯಾವಾಗಲೂ ಸ್ವಲ್ಪ ಜಾಗ ಉಳಿಯುತ್ತಿತ್ತು.

ಮಿತ್ಸುಯೊ ಕಣ್ಣೊರೆಸಿಕೊಂಡಳು. ಶವಸಂಸ್ಕಾರದ ಅಂಗಡಿಯ ಮೊಗಾಮಿ, "ಲೋಹ ಏನೂ ಇಲ್ಲ ತಾನೇ? ಲೋಹ ಇದ್ರೆ ಸುಡೋ ಕಡೆಯವರು ಒಪ್ಪಲ್ಲ," ಎಂದು ರೂಢಿಯಂತೆ ಕೇಳಿದ. "ಬರೀ ಬಟ್ಟೆ," ಎಂದ ನುಕುಯಿ. ಮುಚ್ಚಳ ಮುಚ್ಚಿತು. ಬಿಳಿ ಬಟ್ಟೆ ಸುತ್ತಿ ಹಗ್ಗ ಬಿಗಿದರು.

ನುಕುಯಿಗೆ ನಲವತ್ತಾರು. ಅದರಲ್ಲಿ ಹತ್ತೊಂಬತ್ತು ವರ್ಷ ಅವನು ಇವಾಸಾನ ಜೊತೆ ವಿಮಾನಗಳು ನಿಲ್ಲುವ ಅಂಗಳದಲ್ಲಿ ಕಳೆದಿದ್ದ. ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವುದು, ಚಕ್ರಕ್ಕೆ ಅಡ್ಡಗಟ್ಟೆ ಕೊಡುವುದು, ಕೊನೆಗೆ ಸಾಲಾಗಿ ನಿಂತು ಬಗ್ಗಿ ನಮಿಸಿ, ಹೊರಟ ವಿಮಾನಕ್ಕೆ ಕೈ ಬೀಸುವುದು. ಬೀಸುವುದರಲ್ಲಿ ಇವಾಸಾನನ್ನು ಮೀರಿಸುವವರಿರಲಿಲ್ಲ. ಉಳಿದವರು ಒಂದು ಕೈ ಎತ್ತಿದರೆ ಅವನು ಎರಡೂ ಎತ್ತುತ್ತಿದ್ದ. "ಒಂದು ಕೈ ಬೀಸೋದು ಪ್ರವಾಸಿಗಳಿಗೆ ಕಣೋ," ಎನ್ನುತ್ತಿದ್ದ. "ಮಾರ್ಚಿಗೆ ನಾನು ರಿಟೈರ್ ಆಗಿ ಅಕ್ಕನ ಊರಿಗೆ ಹೋಗ್ತೀನಲ್ಲ, ಅವತ್ತು ನೀನು ಎರಡೂ ಕೈ ಬೀಸ್ಬೇಕು. ಚಕ್ರ ನೆಲ ಬಿಡೋವರೆಗೂ ಇಳಿಸಿದ್ಯೋ, ವಾಪಸ್ ಬಂದು ಒದೀತೀನಿ."

ಮಾರ್ಚಿನವರೆಗೆ ಅವನು ಕಾಯಲಿಲ್ಲ. ನವೆಂಬರಿನ ಒಂದು ಮಂಗಳವಾರ ವಿರಾಮದ ಬೆಂಚಿನ ಮೇಲೆ ಕುಳಿತಲ್ಲೇ ತಲೆ ವಾಲಿಸಿದ. ಯಂತ್ರದಿಂದ ತಂದಿದ್ದ ಕಾಫಿ ಡಬ್ಬಿ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು, ಅವನು ಇರಲಿಲ್ಲ.

ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ ಉತ್ತರದ ದ್ವೀಪದಲ್ಲಿ ಹಾಸಿಗೆ ಹಿಡಿದಿದ್ದಳು. ಸುಡುವ ಮೊದಲು ಒಮ್ಮೆ ಮುಖ ತೋರಿಸಿ ಎಂದು ಹಟ ಹಿಡಿದಿದ್ದಳು. ಆ ಕಡೆಗೆ ದಿನಕ್ಕೆ ಒಂದೇ ವಿಮಾನ, ಸಂಜೆ ನಾಲ್ಕೂ ಹತ್ತಕ್ಕೆ. ಅಲ್ಲಿಯ ಚಿತಾಗಾರದಲ್ಲಿ ನಾಳೆ ಬೆಳಗ್ಗೆ ಒಂಬತ್ತಕ್ಕೆ ಇವಾಸಾನ ಸರದಿ. ಅದು ತಪ್ಪಿದರೆ ಮುಂದಿನ ಸರದಿ ಎಂಟು ದಿನಕ್ಕೆ. ಚಳಿಗಾಲ ಶುರುವಾದರೆ ಅಲ್ಲಿ ಸಾಯುವವರ ನೂಕುನುಗ್ಗಲು.

ಹೀಗಾಗಿ ನುಕುಯಿಗೆ ಅವತ್ತು ಇದ್ದದ್ದು ಒಂದೇ ಕೆಲಸ. ನಾಲ್ಕೂ ಹತ್ತಕ್ಕೆ ಅಂಗಳದಲ್ಲಿ ನಿಂತು ಎರಡೂ ಕೈ ಬೀಸುವುದು.

ಮೂರಕ್ಕೆ ಎರಡು ನಿಮಿಷ ಮೊದಲೇ, ಲೆಕ್ಕ ನೋಡುವ ಹಿರುಕಾವಾ ಕೆಲಸದ ಸಾಮಾನಿನ ಕೋಣೆಯಲ್ಲಿ ಎಣಿಕೆಗೆ ನಿಂತಳು. ಅವಳಿಗೆ ಮೂವತ್ತೊಂದು. ನಕ್ಕರೆ ಅದನ್ನೂ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾಳೇನೋ ಎಂಬಂಥ ಮುಖ. ಅವಳ ಎದುರಿನ ಗೋಡೆಯ ಹಲಗೆಯಲ್ಲಿ ನಲವತ್ತು ಕೊಕ್ಕೆಗಳು. ಪ್ರತಿ ಕೊಕ್ಕೆಯ ಹಿಂದೆ ಅದರ ಸಾಮಾನಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸಾಮಾನು ತೂಗುತ್ತಿದ್ದರೆ ನೆರಳು ಕಾಣದು. ಇಲ್ಲದಿದ್ದರೆ ಬರೀ ನೆರಳೇ ಉಳಿಯುತ್ತದೆ.

ಹಿರುಕಾವಾ ತೋರುಬೆರಳು ಚಾಚಿ ಕೂಗುತ್ತ ಬಂದಳು. "ಇಪ್ಪತ್ತೊಂದು, ಇದೆ! ಇಪ್ಪತ್ತೆರಡು, ಇದೆ! ಇಪ್ಪತ್ತಮೂರು..."

ಬೆರಳು ಅಲ್ಲೇ ನಿಂತಿತು.

ಇಪ್ಪತ್ತಮೂರನೆಯದು ಗೇಣುದ್ದದ ಸ್ಪ್ಯಾನರ್. ಬೆಳಗ್ಗೆ ಅದನ್ನು ಸಹಿ ಮಾಡಿ ಒಯ್ದವನು ನುಕುಯಿ.

ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ನುಕುಯಿಯ ಕೈ ತಾನಾಗಿ ಸೊಂಟಪಟ್ಟಿಗೆ ಹೋಯಿತು. ಅಲ್ಲಿ ಕೈಗವಸು ಇರಲಿಲ್ಲ. ಸ್ಪ್ಯಾನರನ್ನು ಎಡ ಕೈಗವಸಿನ ಒಳಗೆ ತೂರಿಸಿಟ್ಟುಕೊಳ್ಳುವುದು ಇವಾಸಾ ಕಲಿಸಿದ ಅಭ್ಯಾಸ. ಬಗ್ಗಿದಾಗ ವಿಮಾನದ ಹೊಟ್ಟೆಗೆ ತಗುಲಿ ಸದ್ದಾಗುವುದಿಲ್ಲ. ಬಾಯೊಳಗಿನ ಚಹಾ ಅವನಿಗೆ ಇದ್ದಕ್ಕಿದ್ದಂತೆ ಡ್ರೈ ಐಸಿನಂತೆ ಅನ್ನಿಸಿತು.

"ನುಕುಯಿ ಸಾನ್, ಇಪ್ಪತ್ತಮೂರು ಎಲ್ಲಿ?"

"ನಾನು... ಕೊಕ್ಕೆಗೆ ಹಾಕಿದ್ನಲ್ಲ?"

ಹೇಳಬಾರದಿತ್ತು. ಹೇಳಿದ ಮೇಲೆ ಅದು ರಿಜಿಸ್ಟರಿನಲ್ಲಿ ಬಿತ್ತು.

ನಿಯಮ ಸರಳವಾಗಿತ್ತು. ಅಂಗಳದಲ್ಲಿ ಒಂದು ಸಾಮಾನು ಕಾಣೆಯಾದರೆ ಅದು ಯಾವುದೋ ವಿಮಾನದ ಇಂಜಿನ್ನಿನೊಳಗಿದೆ ಎಂದೇ ತಿಳಿಯಬೇಕು. ಸಿಗುವ ತನಕ ಯಾವ ವಿಮಾನವೂ ಕದಲಬಾರದು. ಹಿರುಕಾವಾ ಕೆಂಪು ಗುಂಡಿ ಒತ್ತಿದಳು, ಅಂಗಳದ ದೀಪ ಕೆಂಪಾಯಿತು. ನಾಲ್ಕು ವಿಮಾನಗಳು ನಿಂತಲ್ಲೇ ನಿಂತವು. ಮೇಲಿನ ಹಜಾರದಲ್ಲಿ ಒಂದು ಸಿಹಿ ದನಿ, ಆಗಿರುವ ತೊಂದರೆಗಾಗಿ ಮನಃಪೂರ್ವಕ ಕ್ಷಮೆ ಕೇಳಲು ಶುರುಮಾಡಿತು; ಸಂಜೆಯವರೆಗೂ ನಿಲ್ಲಿಸಲಿಲ್ಲ.

ಅಂಗಳದ ಮೇಲ್ವಿಚಾರಕ ತೊಕಿವಾ ಓಡಿ ಬಂದರು. ಹೆಲ್ಮೆಟ್ಟು ಹಿಂದುಮುಂದಾಗಿತ್ತು. ಅವರ ಕಣ್ಣು ಮೊದಲು ಹೋದದ್ದು ಕೊಕ್ಕೆಯ ಕಡೆಗಲ್ಲ, ಬಾಗಿಲ ಮೇಲಿನ ಹಸಿರು ಫಲಕದ ಕಡೆಗೆ: 'ಅವಘಡವಿಲ್ಲದ ದಿನಗಳು: 3,999'. ನಾಳೆ ನಾಲ್ಕು ಸಾವಿರ. ಕೇಕ್ ಹೇಳಿಯಾಗಿತ್ತು, ಮುಖ್ಯ ಕಚೇರಿಯಿಂದ ನಿರ್ದೇಶಕರು ಬರುವವರಿದ್ದರು. ತೊಕಿವಾ ನಾಲ್ಕು ಪುಟದ ಭಾಷಣವನ್ನು ಬಾಯಿಪಾಠ ಮಾಡಿದ್ದರು.

"ಸಾಮಾನು ಕಳೆಯೋದು ಅವಘಡ ಅಲ್ಲ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. "ಇವತ್ತೇ ಸಿಕ್ಕಿದ್ರೆ ಅಲ್ಲ. ನುಕುಯಿ, ಬೆಳಗ್ಗೆಯಿಂದ ಎಲ್ಲೆಲ್ಲಿ ಹೋಗಿದ್ದೆ? ಅದೇ ಹಾದೀಲಿ ಮತ್ತೆ ನಡಿ. ನಾವು ಹಿಂದೆ ಬರ್ತೀವಿ."

ನುಕುಯಿ ನಡೆದ. ಅವನ ಹಿಂದೆ ತೊಕಿವಾ, ಅವರ ಹಿಂದೆ ರಿಜಿಸ್ಟರ್ ಹಿಡಿದ ಹಿರುಕಾವಾ, ಅವಳ ಹಿಂದೆ ಟಾರ್ಚ್ ಹಿಡಿದ ಆರು ಜನ, ಎಲ್ಲರ ಹಿಂದೆ ಯಾರೂ ಕರೆಯದಿದ್ದರೂ ಬಂದ ಕಸಗುಡಿಸುವ ಅಜ್ಜಿ ತೊಮೆ. ಮದುವಣಿಗನಿಲ್ಲದ ದಿಬ್ಬಣದಂತೆ ಅವರು ಅಂಗಳ ಸುತ್ತಿದರು. ಮೇಲಿನ ಗಾಜಿಗೆ ಮೂಗೊತ್ತಿಕೊಂಡು ನೂರಾರು ಪ್ರಯಾಣಿಕರು ನೋಡುತ್ತಿದ್ದರು.

"ಒಂಬತ್ತೂ ನಲವತ್ತಕ್ಕೆ?"

"ಶೌಚಾಲಯ."

"ಯಾವ ಬಾಗಿಲು?"

"...ಮೂರನೇದು."

"ಎಷ್ಟು ಹೊತ್ತು?" ಎಂದು ಕೇಳಿದವಳು ಹಿರುಕಾವಾ. ಅದೂ ಬರೆಯಲ್ಪಟ್ಟಿತು.

ತೊಮೆ ಅಜ್ಜಿ ಮೂರನೆಯ ಬಾಗಿಲೊಳಗೆ ಕೋಲು ಇಳಿಬಿಟ್ಟು ಎರಡು ನಿಮಿಷ ಕೆದಕಿದಳು. "ಇದ್ರೊಳಗೆ ಸ್ಪ್ಯಾನರ್ ಇಳಿದಿದ್ರೆ ಹೊತ್ತು ಜಾಸ್ತಿ ಆಗಿದ್ದು ಸರೀನೇ ಬಿಡು," ಎಂದು ಸಮಾಧಾನ ಹೇಳಿದಳು.

ಹತ್ತೂವರೆಗೆ ಅವನು ನಿಂತೇ ತಿನ್ನುವ ಉದೋನ್ ಶಾವಿಗೆಯ ಅಂಗಡಿಯಲ್ಲಿದ್ದ. ಅಂಗಡಿಯವನು ಸಾರಿನ ದೊಡ್ಡ ಪಾತ್ರೆಗೆ ಎರಡೂ ಕೈ ಅಡ್ಡ ಹಿಡಿದ. "ಇದಕ್ಕೆ ಕೈ ಹಾಕ್ಬೇಡಿ! ಹದಿನಾಲ್ಕು ವರ್ಷದಿಂದ ಒಂದೇ ರುಚಿ ಕಾಪಾಡ್ಕೊಂಡು ಬಂದಿದೀನಿ."

"ಅದಕ್ಕೇ ಕಬ್ಬಿಣದ ರುಚಿ ಬರುತ್ತೆ," ಎಂದಳು ತೊಮೆ. "ನಾನು ಮೊದ್ಲಿಂದ ಹೇಳ್ತಿದೀನಿ."

ಸಾರನ್ನು ಜರಡಿ ಹಿಡಿದರು. ಸಿಕ್ಕಿದ್ದು ಒಣ ಮೀನಿನ ಚೂರುಗಳು ಮತ್ತು ಯಾರದೋ ಒಂದು ಅಂಗಿಯ ಗುಂಡಿ. ಗುಂಡಿಯನ್ನು ಹಿರುಕಾವಾ ಪೊಟ್ಟಣದಲ್ಲಿಟ್ಟು ಸಂಖ್ಯೆ ಬರೆದಳು. ಅಂಗಡಿಯವನು ಗೋಡೆ ಕಡೆ ತಿರುಗಿ ನಿಂತ.

ಹೀಗೆ ನುಕುಯಿ ಅವರನ್ನು ಎಲ್ಲ ಕಡೆಗೂ ಕರೆದೊಯ್ದ. ಹನ್ನೆರಡೂವರೆಗೆ ತಾನು ಸರಕಿನ ಕೋಣೆಯಲ್ಲಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಪೆಟ್ಟಿಗೆ ಬಿಚ್ಚುತ್ತಾರೆ. ಟಾರ್ಚ್ ಹಿಡಿದ ಆರು ಜನ ಇವಾಸಾನ ಎದೆಯ ಮೇಲೆ ಬೆಳಕು ಬಿಡುತ್ತಾರೆ. ಅತ್ತಿಗೆ ಮಿತ್ಸುಯೊ ನೋಡುತ್ತ ನಿಂತಿರುತ್ತಾಳೆ. ಹೇಳದಿದ್ದರೆ? ವಿಮಾನ ಹೊರಡುವುದಿಲ್ಲ.

ನಾಲ್ಕಾಯಿತು. ಮೊಗಾಮಿ ಕೈಗಡಿಯಾರ ತಟ್ಟುತ್ತ ಅಂಗಳದ ಅಂಚಿಗೆ ಬಂದ. "ಏನ್ರೀ ಇದು? ಐದೂವರೆ ದಾಟಿದ್ರೆ ಪೈಲಟ್‌ಗಳ ಡ್ಯೂಟಿ ಹೊತ್ತು ಮುಗಿಯುತ್ತಂತೆ, ವಿಮಾನ ರದ್ದಂತೆ. ನನ್ನ ಐಸು ರಾತ್ರಿ ದಾಟಲ್ಲ, ಈಗಲೇ ಹೇಳಿರ್ತೀನಿ. ಎಂಟು ದಿನ ನಾನು ಅವರನ್ನ ಎಲ್ಲಿ ಇಟ್ಕೊಳ್ಳಲಿ, ನಿಮ್ಮ ಉದೋನ್ ಅಂಗಡೀಲಾ?"

ನುಕುಯಿ ತೊಕಿವಾರ ತೋಳು ಹಿಡಿದು ಪೆಟ್ಟಿಗೆ ಎಳೆಯುವ ಗಾಡಿಯ ಹಿಂದಕ್ಕೆ ಕರೆದೊಯ್ದ. ಸೊಂಟ ಮುರಿಯುವಷ್ಟು ಬಗ್ಗಿದ. ಬಗ್ಗಿದ ಭಂಗಿಯಲ್ಲೇ, ಅವರ ಬೂಟುಗಳಿಗೆ ಎಲ್ಲವನ್ನೂ ಹೇಳಿದ.

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಅಂದ್ರೆ," ಎಂದರು ತೊಕಿವಾ, "ನಾನು ಸಾರು ಜರಡಿ ಹಿಡಿಸಿದ್ದು..."

"ಕ್ಷಮಿಸ್ಬೇಕು."

"ಶೌಚಾಲಯಕ್ಕೆ ಕೋಲು..."

"ಕ್ಷಮಿಸ್ಬೇಕು."

ತೊಕಿವಾ ಕಣ್ಣು ಮುಚ್ಚಿ ಯೋಚಿಸಿದರು. ಫಲಕದ ಹಸಿರು ಅಂಕಿಗಳು ಅವರ ರೆಪ್ಪೆಯೊಳಗೂ ಉರಿಯುತ್ತಿದ್ದಿರಬೇಕು. "ಹೋಗಿ ತಗೊಂಡು ಬಾ. ಒಬ್ಬನೇ ಹೋಗು. 'ಕೆಲಸಗಾರನ ಕೈಗವಸಿನೊಳಗೆ ಸಿಕ್ಕಿತು' ಅಂತ ಬರೀತೀನಿ. ಸುಳ್ಳೇನಲ್ಲ. ಯಾವ ಕೆಲಸಗಾರ, ಬದುಕಿದ್ದನೋ ಇಲ್ವೋ ಅಂತ ಆ ಫಾರಮ್ಮಿನಲ್ಲಿ ಕೇಳೋದಿಲ್ಲ."

ಸರಕಿನ ಕೋಣೆಯಲ್ಲಿ ಮಿತ್ಸುಯೊ ಮಡಿಸುವ ಕುರ್ಚಿಯ ಮೇಲೆ, ಯಾರೋ ಕೊಟ್ಟ ಚಹಾದ ಲೋಟ ಹಿಡಿದು ಕುಳಿತಿದ್ದಳು. ನುಕುಯಿ ನೆಲಕ್ಕೆ ಮಂಡಿಯೂರಿ, ಹಣೆ ತಾಗಿಸಿ, ವಿಷಯ ಹೇಳಿದ. ಮೊಗಾಮಿ ಉರಿದುಬಿದ್ದ. "ಮುಚ್ಚಿದ್ದನ್ನ ಮತ್ತೆ ತೆಗೆಯೋದಾ? ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ತೆಗೆದಿಲ್ಲ ನಾನು! ಬರೀ ಬಟ್ಟೆ ಅಂದ್ಯಲ್ಲಯ್ಯ ನೀನು!"

ಮಿತ್ಸುಯೊ ಮಾತ್ರ ನಕ್ಕುಬಿಟ್ಟಳು. ಐದು ದಿನದಲ್ಲಿ ಮೊದಲ ಸಲ. ನಕ್ಕಿದ್ದಕ್ಕೆ ತಾನೇ ಗಾಬರಿಯಾಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. "ಬದುಕಿದ್ದಾಗಲೂ ಹೀಗೇ ಕಣಪ್ಪ. ಹಬ್ಬಕ್ಕೂ ಕೆಲಸ ಮನೆಗೆ ಹೊತ್ಕೊಂಡು ಬರೋರು. ತೆಗೀರಿ, ಪರವಾಗಿಲ್ಲ."

ಹಗ್ಗ ಬಿಚ್ಚಿ ಮುಚ್ಚಳ ಸರಿಸಿದರು. ಇವಾಸಾ ಏನೂ ಆಗಿಲ್ಲವೆಂಬಂತೆ ಮಲಗಿದ್ದ. ಆ ಹೊತ್ತಿನಲ್ಲಿ ಇಡೀ ವಿಮಾನ ನಿಲ್ದಾಣದಲ್ಲಿ ನೆಮ್ಮದಿಯಾಗಿದ್ದವನು ಅವನೊಬ್ಬನೇ. ನುಕುಯಿ ಎಡ ಕೈಗವಸಿನೊಳಗೆ ಬೆರಳು ಹಾಕಿ ಸ್ಪ್ಯಾನರನ್ನು ಎಳೆದ. ಹಿಡಿಯ ಮೇಲೆ 23 ಎಂಬ ಅಂಕಿ ಮಿನುಗಿತು.

"ಅಯ್ಯೋ, ಇದಾ?" ಎಂದಳು ಮಿತ್ಸುಯೊ. "ಇದು ಇವರೇ ಕೊಂಡಿದ್ದಲ್ವಾ. ಹನ್ನೊಂದು ವರ್ಷದ ಹಿಂದೆ, ಒಂದು ಭಾನುವಾರ. ಸ್ಟೇಷನ್ ಹತ್ರದ ಕಬ್ಬಿಣದ ಅಂಗಡಿಗೆ ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಹೋಗಿ ನಿಂತಿದ್ರು. ಆಮೇಲೆ ನನ್ನ ಅಡುಗೆಮನೆ ಮೇಜಿನ ಮೇಲೆ ಕೂತ್ಕೊಂಡು ಮೂರು ಗಂಟೆ ಈ ಅಂಕಿ ಕೆತ್ತಿದ್ರು. ಬೆವರು ಇಳೀತಿತ್ತು. ಏನಕ್ರೀ ಅಂದ್ರೆ ಬಾಯಿ ಬಿಡ್ಲಿಲ್ಲ."

ನುಕುಯಿಗೆ ಅರ್ಥವಾಯಿತು. ಕಂಪನಿಯ ಇಪ್ಪತ್ತಮೂರನ್ನು ಇವಾಸಾ ಹನ್ನೊಂದು ವರ್ಷದ ಹಿಂದೆಯೇ ಕಳೆದಿದ್ದ. ಹೆದರಿ, ಹೊಸದು ಕೊಂಡು, ಅಂಕಿ ಕೆತ್ತಿ ಸದ್ದಿಲ್ಲದೆ ಕೊಕ್ಕೆಗೆ ತಗುಲಿಹಾಕಿದ್ದ. ಎಲ್ಲರಿಗೂ ಧೈರ್ಯ ಹೇಳುತ್ತಿದ್ದ ಮನುಷ್ಯ, ಹನ್ನೊಂದು ವರ್ಷ ಪ್ರತಿದಿನ ಮೂರು ಗಂಟೆಗೆ, ಹಿರುಕಾವಾಳ ಬೆರಳು ಇಪ್ಪತ್ತಮೂರನ್ನು ದಾಟುವ ತನಕ ಉಸಿರು ಬಿಗಿಹಿಡಿದು ನಿಂತಿದ್ದಿರಬೇಕು. ನುಕುಯಿ ಸ್ಪ್ಯಾನರನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಂಡ. ಮಿತ್ಸುಯೊ ಆ ಸ್ಪ್ಯಾನರನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತಿದ್ದಳು. ಮನೆಯ ಮೇಜಿನ ಮೇಲೆ ಗಂಡ ಬೆವರಿದ್ದಕ್ಕೆ ಉಳಿದ ಒಂದೇ ಸಾಕ್ಷಿ ಅದು.

"ಹಗ್ಗ ಆಮೇಲೆ ಬಿಗೀರಿ," ಎಂದಳು ಮೊಗಾಮಿಗೆ. "ವಿಮಾನಕ್ಕೆ ಕರೆಯೋವರೆಗೂ ನೋಡ್ಕೊಂಡು ಕೂತಿರ್ತೀನಿ."

ನಾಲ್ಕೂವರೆಗೆ ಇಪ್ಪತ್ತಮೂರು ಕೊಕ್ಕೆಗೆ ಮರಳಿತು. ಹಿರುಕಾವಾ ಬೆರಳು ತೋರಿಸಿ "ಇದೆ!" ಎಂದು ಕೂಗಿದಳು. ದೀಪ ಹಸಿರಾಯಿತು. "ಕಳೆದು ಸಿಕ್ಕಿದ್ದನ್ನ ಒಂದು ಗಂಟೆ ಬಿಟ್ಟು ಇನ್ನೊಂದು ಸಲ ಎಣಿಸ್ಬೇಕು. ನಿಯಮ," ಎಂದು ಸೇರಿಸಿ, ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ಮೇಲಿನ ಕಚೇರಿಗೆ ಹೋದಳು. ಉತ್ತರದ ವಿಮಾನ ಐದೂ ಇಪ್ಪತ್ತಕ್ಕೆ ಎಂದು ಸಿಹಿ ದನಿ ಸಾರಿತು. ಪೈಲಟ್‌ಗಳ ಹೊತ್ತಿಗೆ ಹತ್ತು ನಿಮಿಷ ಉಳಿಯುತ್ತಿತ್ತು. ನುಕುಯಿ ಗೋಡೆಗೆ ಒರಗಿ ಉಸಿರು ಬಿಟ್ಟ.

ತೊಮೆ ಅಜ್ಜಿಗೆ ಮಾತ್ರ ಹುಡುಕಾಟ ಮುಗಿದದ್ದನ್ನು ಯಾರೂ ಹೇಳಿರಲಿಲ್ಲ.

ಹತ್ತು ನಿಮಿಷದಲ್ಲಿ ಅವಳು ತೊಕಿವಾರ ಕೋಣೆಗೆ ನುಗ್ಗಿ, ಮೇಜಿನ ಮೇಲೆ ಏನನ್ನೋ ಠಣ್ ಎಂದು ಹಾಕಿದಳು. "ತಗೊಳ್ಳಿ ನಿಮ್ಮ ಸ್ಪ್ಯಾನರು! ದೊಡ್ಡ ಬಾಗಿಲಿನ ಹಳಿ ಕೆಳಗಿತ್ತು. ಆರು ಜನ ಗಂಡಸರು ಟಾರ್ಚ್ ಹಿಡ್ಕೊಂಡು ನನ್ನ ಶೌಚಾಲಯ ನೋಡ್ತಾ ಇದ್ರಿ. ನಾನು ಪೊರಕೆ ಕಡ್ಡಿ ಹಾಕಿ ಎಳೆದೆ."

ತುಕ್ಕು ಹಿಡಿದ ಸ್ಪ್ಯಾನರ್. ಹಿಡಿಯ ಮೇಲೆ ಅಚ್ಚೊತ್ತಿದ ಅಂಕಿ: 23.

ನುಕುಯಿಯನ್ನು ಕರೆಸಿ ತೊಕಿವಾ ಬಾಗಿಲು ಹಾಕಿದರು. ಮುಖ ಅನ್ನದ ಗಂಜಿಯ ಬಣ್ಣಕ್ಕೆ ಬಂದಿತ್ತು. ನುಕುಯಿ ಅಡುಗೆಮನೆಯ ಮೇಜಿನ ಕತೆ ಹೇಳಲೇಬೇಕಾಯಿತು.

"ಒಂದು ಕಮ್ಮಿ ಆದ್ರೆ ಹುಡುಕಬಹುದು," ಎಂದರು ತೊಕಿವಾ ಪಿಸುದನಿಯಲ್ಲಿ. "ಒಂದು ಜಾಸ್ತಿ ಆದ್ರೆ ಏನ್ ಮಾಡೋದು? ಎಲ್ಲಿಂದ ಬಂತು ಅಂತಾರೆ. ಯಾವಾಗಿಂದ ಅಂತಾರೆ. ಹನ್ನೊಂದು ವರ್ಷ ಅಂದ್ರೆ ನಾಲ್ಕು ಸಾವಿರ ದಿನ ಕಣಯ್ಯಾ! ನಾವು ಎಣಿಸಿದ ಒಂದೊಂದು ದಿನವೂ ಸುಳ್ಳು ಅಂತಾರೆ. ಇವಾಸಾನ ಹೆಸರೂ ಬರುತ್ತೆ. ಹೆಂಡತೀನ ಕರೆಸಿ ಕೇಳ್ತಾರೆ."

"ಅತ್ತಿಗೇನಾ?"

"ಅದಕ್ಕೇ ಕೇಳು. ಇದು ಇಲ್ಲಿ ಇರಬಾರ್ದು." ಅವರು ತುಕ್ಕಿನ ಸ್ಪ್ಯಾನರಿಗೆ ಟವೆಲ್ ಸುತ್ತಿದರು. "ಪೆಟ್ಟಿಗೆ ಇನ್ನೂ ಬಿಗಿದಿಲ್ಲ ತಾನೇ? ಅವನ ಜೊತೆ ಕಳಿಸ್ಬಿಡು. ಈ ವಿಮಾನ ನಿಲ್ದಾಣದಲ್ಲಿ ಯಾರಿಗೂ ವರದಿ ಬರೆದುಕೊಡಬೇಕಾಗಿಲ್ಲದವನು ಈಗ ಅವನೊಬ್ಬನೇ."

ನುಕುಯಿ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ದಾರಿಯಲ್ಲಿ ಸಾಮಾನಿನ ಕೋಣೆ. ಒಳಗೆ ಯಾರೂ ಇರಲಿಲ್ಲ. ಕೊಕ್ಕೆಯಲ್ಲಿ ಇವಾಸಾನ ಸ್ಪ್ಯಾನರ್ ಹೊಳೆಯುತ್ತಿತ್ತು. ನುಕುಯಿ ಜೀವನದಲ್ಲಿ ಮೇಲಿನವರ ಮಾತು ಮೀರಿದವನಲ್ಲ. ಆದರೆ ಕಂಪನಿಯ ತುಕ್ಕನ್ನು ಇವಾಸಾನ ಎದೆಯ ಮೇಲೆ ಇಟ್ಟು, ಅವನು ಬೆವರು ಸುರಿಸಿ ಕೆತ್ತಿದ್ದನ್ನು ಕಂಪನಿಗೆ ಬಿಡುವುದು ಅವನಿಗೆ ಸರಿಕಾಣಲಿಲ್ಲ. ಇರಬೇಕಾದದ್ದು ಒಂದು, ಹೋಗಬೇಕಾದದ್ದು ಒಂದು. ಎಣಿಕೆಗೆ ಯಾವುದು ಎಲ್ಲಿದ್ದರೇನು? ಕಂಪನಿಯದು ಕಂಪನಿಗೆ, ಇವಾಸಾನದು ಇವಾಸಾನಿಗೆ. ಎಣ್ಣೆಬಟ್ಟೆಯಿಂದ ತುಕ್ಕಿನದನ್ನು ಆದಷ್ಟು ತಿಕ್ಕಿ ಕೊಕ್ಕೆಗೆ ಹಾಕಿದ. ಹೊಳೆಯುವುದನ್ನು ಟವೆಲಿನಲ್ಲಿ ಸುತ್ತಿಕೊಂಡ.

ಸರಕಿನ ಕೋಣೆಯಲ್ಲಿ ಅವನು, "ಕೈಗವಸು ಸ್ವಲ್ಪ ಓರೆ ಆಗಿತ್ತು, ಸರಿಮಾಡ್ತೀನಿ," ಎಂದು ತೊದಲಿದ. ಮಿತ್ಸುಯೊ ಟವೆಲನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ತಾನೇ ಎದ್ದು ಮುಚ್ಚಳವನ್ನು ಒಂದು ಗೇಣು ಸರಿಸಿದಳು.

"ಕೊಡಪ್ಪ, ಅವರದನ್ನ ಅವರಿಗೆ."

"ನಾನು ಹಗ್ಗ ಹುಡುಕ್ತಾ ಇದೀನಿ," ಎಂದು ಮೊಗಾಮಿ ಗೋಡೆಯ ಕಡೆ ತಿರುಗಿದ. "ನನಗೇನೂ ಕಾಣ್ತಿಲ್ಲ. ಲೋಹ ಅಂತೂ ಕಾಣ್ತಾನೇ ಇಲ್ಲ."

ಮುಚ್ಚಳ ಮುಚ್ಚಿ, ಸತ್ತವನ ಮುಖದ ನೇರಕ್ಕಿರುವ ಪುಟ್ಟ ಕಿಂಡಿಯೊಂದನ್ನೇ ತೆರೆದಿಟ್ಟಿದ್ದರು. ಅಷ್ಟರಲ್ಲಿ ತೊಕಿವಾ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಮೇಲಿನ ಹಜಾರದ ಅಂಗಡಿಯಿಂದ ತಂದ ಬಿಳಿ ಸೇವಂತಿಗೆಯ ಗೊಂಚಲು. ಐದು ದಿನದಿಂದ ಒಂದು ಎಸಳು ಹೂವೂ ತಾರದಿದ್ದ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು. "ವಿಭಾಗದ ಪರವಾಗಿ," ಎಂದು ಬಗ್ಗಿ, ಗೊಂಚಲನ್ನು ಕಿಂಡಿಯೊಳಗೆ ತೂರಿಸಿದರು. ಅದು ಕೈಜಾರಿ ಭಾರವಾಗಿ ಒಳಗೆ ಬಿತ್ತು.

"ಇವರಿಗೆ ಸೇವಂತಿಗೆ ಕಂಡ್ರೆ ಸೀನು ಬರ್ತಿತ್ತು," ಎಂದಳು ಮಿತ್ಸುಯೊ. ಆಮೇಲೆ ತಾನೇ, "ಇನ್ನೇನು ಬರಲ್ಲ ಬಿಡಿ," ಎಂದಳು.

ತೊಕಿವಾರನ್ನು ತಾನು ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆನಲ್ಲ ಎಂದುಕೊಂಡ ನುಕುಯಿ. ಹಗ್ಗ ಬಿಗಿದರು. ಪೆಟ್ಟಿಗೆಯನ್ನು ಅವನೇ ಗಾಡಿಗೇರಿಸಿದ, ಅವನೇ ವಿಮಾನದ ಹೊಟ್ಟೆಗೆ ಹತ್ತಿಸಿದ, ತಲೆಯ ಭಾಗ ಮುಂದಕ್ಕಿರುವಂತೆ ಅವನೇ ತಿರುಗಿಸಿದ. ಬಾಗಿಲು ಮುಚ್ಚುವ ಮೊದಲು ಒಮ್ಮೆ ಹಲಗೆಯ ಮೇಲೆ ಕೈಯಿಟ್ಟ.

ಐದೂ ಇಪ್ಪತ್ತೊಂದಕ್ಕೆ ವಿಮಾನ ಹಿಂದಕ್ಕೆ ಸರಿಯಿತು. ಸಮುದ್ರದ ಕಡೆಯಿಂದ ಚಳಿ ಗಾಳಿ ಬೀಸುತ್ತಿತ್ತು. ಅಂಗಳದಲ್ಲಿ ಸಾಲು ನಿಂತರು: ನುಕುಯಿ, ಇನ್ನಿಬ್ಬರು, ಮತ್ತು ಎಂದೂ ಸಾಲಿಗೆ ಬಾರದ ತೊಕಿವಾ, ನುಕುಯಿಯ ಪಕ್ಕದಲ್ಲೇ. ಎಲ್ಲರೂ ಬಗ್ಗಿ ನಮಿಸಿ, ಎದ್ದು, ನಗುಮುಖ ಮಾಡಿ ಕೈ ಬೀಸತೊಡಗಿದರು. ನಗುಮುಖ ನಿಯಮ. ನುಕುಯಿ ಎರಡೂ ಕೈ ಎತ್ತಿದ. ಒಂಬತ್ತನೆಯ ಕಿಟಕಿಯಲ್ಲಿ ಮಿತ್ಸುಯೊಳ ಬಿಳಿ ಕರವಸ್ತ್ರ ಅಲುಗಿತು.

"ಅಂತೂ ಮುಗೀತು," ಎಂದರು ತೊಕಿವಾ, ನಗುಮುಖ ಸಡಿಲಿಸದೆ, ತುಟಿಯ ಸಂದಿಯಿಂದ. "ನೀನೊಬ್ಬ ಪುಕ್ಕಲ ಕಣಯ್ಯಾ. ನಾನೇ ಮಾಡ್ಬೇಕಾಯ್ತು."

"ಏನು ಮಾಡ್ಬೇಕಾಯ್ತು?" ನುಕುಯಿ ಕೈ ಬೀಸುತ್ತಲೇ ಕೇಳಿದ.

"ನಟನೆ ಬೇಡ. ಹೆದ್ರಿಕೊಂಡು ತುಕ್ಕಿಂದನ್ನ ಕೊಕ್ಕೆಗೆ, ಒಳ್ಳೇದರ ಮೇಲೇನೇ ತಗುಲಿಹಾಕಿದ್ದೆಯಲ್ಲ. ಪುಣ್ಯಕ್ಕೆ ನಾನು ಹೋಗಿ ನೋಡಿದೆ. ಕಿತ್ಕೊಂಡೆ. ಸೇವಂತಿಗೆ ಒಳಗಿಟ್ಟು ಕಳಿಸಿದೆ."

ನುಕುಯಿಯ ಕೈಗಳು ಬೀಸುವುದನ್ನು ನಿಲ್ಲಿಸಿ ಗಾಳಿಯಲ್ಲೇ ನಿಂತವು. ನಗುಮುಖ ಮಾತ್ರ ಹಾಗೇ ಇತ್ತು, ಇಳಿಸುವುದು ಮರೆತುಹೋಗಿತ್ತು.

"ಅದರ ಕೆಳಗೆ... ನೋಡಿದ್ರಾ?"

"ಹಿರುಕಾವಾ ಬಾಗಿಲಿಗೆ ಬಂದಿದ್ದಳು. ನೋಡೋಕೆ ಟೈಮೆಲ್ಲಿತ್ತು? ಬೆನ್ನು ಅಡ್ಡ ಕೊಟ್ಕೊಂಡು ಜಾರಿಕೊಂಡೆ. ಯಾಕೆ?"

"ಅದರ ಕೆಳಗೆ ಏನೂ ಇರ್ಲಿಲ್ಲ."

"ಏನೂ ಅಂದ್ರೆ?"

"ಒಳ್ಳೇದನ್ನ ನಾನು ಮೊದಲೇ... ಇವಾಸಾ ಸಾನ್‌ಗೆ ಕೊಟ್ಟುಬಿಟ್ಟಿದ್ದೆ."

ವಿಮಾನ ಮೂಗು ತಿರುಗಿಸಿ ಓಟದ ಹಾದಿಯ ಕಡೆ ಹೊರಟಿತು. ಅದರ ಹೊಟ್ಟೆಯೊಳಗೆ, ಎದೆಯ ಮೇಲೊಂದು ಕಿವಿಯ ಪಕ್ಕ ಒಂದು, ಎರಡು ಇಪ್ಪತ್ತಮೂರುಗಳನ್ನೂ ಇಟ್ಟುಕೊಂಡು ಇವಾಸಾ ಊರಿಗೆ ಹೊರಟಿದ್ದ. ತೊಕಿವಾರ ಕೈ ಬೀಸುತ್ತಲೇ ಇತ್ತು, ಕೀಲಿ ಕೊಟ್ಟ ಗೊಂಬೆಯ ಕೈಯಂತೆ. ಗಡಿಯಾರದಲ್ಲಿ ಐದೂ ಇಪ್ಪತ್ತೇಳು.

"ಹಿರುಕಾವಾ ಎಷ್ಟು ಹೊತ್ತಿಗೆ ಅಂದಿದ್ದಳು, ಎರಡನೇ ಎಣಿಕೆ?"

"ಐದೂವರೆ."

"ಮೂರು ನಿಮಿಷ. ಹಾ... ಹಾರಿಬಿಡುತ್ತೆ ಅಲ್ವಾ? ಹಾರಿದ ಮೇಲೆ ಏನೂ ಮಾಡೋಕಾಗಲ್ಲ ಅಲ್ವಾ?"

ಹಾರಿಬಿಡಬಹುದಿತ್ತು. ಆದರೆ ಹಿರುಕಾವಾ ಎಲ್ಲ ಕೆಲಸವನ್ನೂ ಎರಡು ನಿಮಿಷ ಮೊದಲೇ ಶುರುಮಾಡುವವಳು. ತೊಕಿವಾರ ಎದೆಯ ಮೇಲಿದ್ದ ವಾಕಿಟಾಕಿ ಕರ್ ಎಂದಿತು. ದೂರದಿಂದ ಅವಳ ಸ್ಪಷ್ಟ, ನಿರ್ವಿಕಾರ ದನಿ ಕೇಳಿಸಿತು.

"ಇಪ್ಪತ್ತೊಂದು, ಇದೆ. ಇಪ್ಪತ್ತೆರಡು, ಇದೆ. ಇಪ್ಪತ್ತಮೂರು..."

ಅಂಗಳದ ಆಚೆ ತುದಿಯಲ್ಲಿ ದೀಪ ಕೆಂಪಾಯಿತು. ಓಟದ ಹಾದಿಯ ಬಾಯಿಗೆ ಹೋಗಿದ್ದ ವಿಮಾನ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತಿತ್ತು. ಆಮೇಲೆ ನಿಧಾನವಾಗಿ ತಿರುಗಿ ಅವರ ಕಡೆಗೇ ಬರತೊಡಗಿತು. ಮೇಲಿನ ಹಜಾರದಲ್ಲಿ ಸಿಹಿ ದನಿ ಮತ್ತೆ ಮನಃಪೂರ್ವಕ ಕ್ಷಮೆ ಕೇಳಲು ಶುರುಮಾಡಿತು.

ಒಂಬತ್ತನೆಯ ಕಿಟಕಿ ದೊಡ್ಡದಾಗುತ್ತ ಬಂತು. ಕರವಸ್ತ್ರ ಈಗ ಅಲುಗುತ್ತಿರಲಿಲ್ಲ.

"ಕೈ ಇಳಿಸಯ್ಯಾ," ಎಂದರು ತೊಕಿವಾ, ಅಳುವ ದನಿಯಲ್ಲಿ. "ಇನ್ನು ಯಾರಿಗೆ ಬೀಸ್ತೀಯಾ?"

ನುಕುಯಿ ಇಳಿಸಲಿಲ್ಲ. ಚಕ್ರ ಇನ್ನೂ ನೆಲ ಬಿಟ್ಟಿರಲಿಲ್ಲ.